ಅವಳು ನಕ್ಕಾಗ ಅಲುಗಿದ ಚಿತ್ರ

"ಮೈಮೇಲೆ ಲೋಹದ್ದು ಏನಿದ್ರೂ ತೆಗೆದು ಈ ತಟ್ಟೆಗೆ ಹಾಕಿ," ಎಂದಳು ಅವಳು, ಮುಖ ಎತ್ತದೆ.

ಅವನು ಮಣಿಕಟ್ಟಿನಿಂದ ಒಂದು ಗಡಿಯಾರ ಬಿಚ್ಚಿದ. ಅಂಗಿಯ ಜೇಬಿನಿಂದ ಎರಡು ತೆಗೆದ. ಪ್ಯಾಂಟಿನ ಬಲಜೇಬಿನಿಂದ ಮೂರು, ಎಡಜೇಬಿನಿಂದ ಇನ್ನೊಂದು, ಅದರ ಹಿಂದೆಯೇ ಒಂದು ಚಿಮಟ. ನನ್ನನ್ನು ಕೇಳಿದರೆ ಒಂದು ಗಾಡಿ ತುಂಬುವಷ್ಟು ಗಡಿಯಾರ. ಎಣಿಸಿದವರು ಏಳು ಅನ್ನುತ್ತಾರೆ. ಅವರಿಗೆ ಕಥೆ ಹೇಳಲು ಬರುವುದಿಲ್ಲ, ಬಿಡಿ.

ಏಳೂ ಒಂದೇ ಹೊತ್ತು ತೋರಿಸುತ್ತಿದ್ದವು. ಅವನು ಗೋಡೆಯತ್ತ ನೋಡಿದ.

"ನಿಮ್ಮ ಗಡಿಯಾರ ನಾಲ್ಕು ನಿಮಿಷ ಹಿಂದಿದೆ ಮೇಡಂ."

ಆಗ ಅವಳು ಮುಖ ಎತ್ತಿದಳು...

ಅವನ ಬಲಗಣ್ಣಿನ ಕೆಳಗೆ, ಕೆನ್ನೆಯ ಮೂಳೆಯ ಮೇಲೆ, ದೊಡ್ಡ ಗೋಲಿಯಷ್ಟು ಉಬ್ಬು. ಅದರ ಮೇಲೆ ಎರಡು ಕಣ್ಣು. ಅಂಥ ಕಣ್ಣು ಲಕ್ಷಕ್ಕೊಂದು ಸಿಗುವುದೂ ಕಷ್ಟ, ಅವನಿಗೆ ಎರಡಿದ್ದವು.

ಆ ಕೋಣೆಯಲ್ಲಿ ಯಂತ್ರದ ಸುಖಕ್ಕಾಗಿ ಇಟ್ಟ ಚಳಿಗೆ ಗೋಡೆಯ ಹಲ್ಲಿಗೂ ನೆಗಡಿ. ಅಲ್ಲಿ ಹನ್ನೊಂದು ವರ್ಷದಿಂದ ಸಿ.ಟಿ. ಸ್ಕ್ಯಾನ್ ಮಾಡುತ್ತಿದ್ದವಳು ಅವಳು. ಮುಖದ ಸ್ಕ್ಯಾನಿಗೆ ಬಂದವರಿಗೆಲ್ಲ "ಉಗುಳು ನುಂಗ್ಬೇಡಿ" ಎಂದು ಹೇಳಿ ಹೇಳಿ ಇಡೀ ಆಸ್ಪತ್ರೆಯಲ್ಲಿ ಅವಳ ಹೆಸರೇ 'ನುಂಗ್ಬೇಡಿ ಮೇಡಂ' ಆಗಿಹೋಗಿತ್ತು. ಅವಳು ನಕ್ಕಿದ್ದನ್ನು ಕಂಡವರಿಲ್ಲ. ಒಮ್ಮೆ ನಕ್ಕಿದ್ದಳಂತೆ ಎಂದು ಒಬ್ಬ ಹಳೆಯ ಆಯಾ ಹೇಳುತ್ತಿದ್ದಳು; ಆಕೆ ನಿವೃತ್ತಳಾಗಿ ಊರು ಬಿಟ್ಟಮೇಲೆ ಅದಕ್ಕೂ ಸಾಕ್ಷಿ ಇಲ್ಲವಾಯಿತು.

ನಗಲು ಏನಿತ್ತು? ಮೇಜಿನ ಮೇಲೆ ಮಲಗಿ ಎದ್ದವರೆಲ್ಲ ಕೇಳುವ ಪ್ರಶ್ನೆ ಒಂದೇ: "ಏನಿದೆ ಮೇಡಂ?" ಏನಿದೆ ಎಂಬುದು ಅವಳ ಕಣ್ಣಿಗೆ ಅದಾಗಲೇ ಬಿದ್ದಿರುತ್ತಿತ್ತು. ತಾಯಂದಿರಿಗಿಂತ ಮೊದಲು, ಹೆಂಡಂದಿರಿಗಿಂತ ಮೊದಲು ಅವರ ಮನೆಯ ಸಾವನ್ನು ನೋಡುವವಳು ಅವಳು. ನೋಡಿ, "ಡಾಕ್ಟರ್ ಹೇಳ್ತಾರೆ" ಎನ್ನುವಳು. ಅದು ನಿಯಮ. ಹನ್ನೊಂದು ವರ್ಷದಲ್ಲಿ ಆ ಎರಡು ಮಾತು ಅವಳ ಮುಖಕ್ಕೆ ಬಾಗಿಲಂತೆ ಕೂತುಬಿಟ್ಟಿದ್ದವು.

ಅವನ ಹಣೆಗೆ ಪಟ್ಟಿ ಬಿಗಿದು ಅವಳು ಗಾಜಿನ ಆಚೆಗಿನ ಕುರ್ಚಿಗೆ ಹೋದಳು. ಮೈಕಿನ ಗುಂಡಿ ಒತ್ತಿದಳು.

"ಉಗುಳು ನುಂಗ್ಬೇಡಿ. ಅಲುಗಾಡ್ಬೇಡಿ. ಮೂವತ್ತೇ ಸೆಕೆಂಡು."

"ಯಾವ ಗಡಿಯಾರದ ಪ್ರಕಾರ ಮೇಡಂ? ನಂದಾ, ಗೋಡೆದಾ?"

ಅಷ್ಟರಲ್ಲಿ ಅವಳ ಇನ್ನೊಂದು ಕೈ ಯಂತ್ರವನ್ನು ಹೊರಡಿಸಿಯಾಗಿತ್ತು. ಮೇಜು ಸರಿಯುತ್ತಿತ್ತು. ಆಗಲೇ ಅದು ಬಂತು! ಹೊಟ್ಟೆಯೊಳಗಿಂದ, ಹನ್ನೊಂದು ವರ್ಷದ ತಳದಿಂದ, ತಡೆದರೂ ನಿಲ್ಲದ ನಗು. ಮೈಕಿನ ಗುಂಡಿಯ ಮೇಲೆ ಬೆರಳು ಇನ್ನೂ ಇತ್ತು. ಅವಳ ನಗು ಯಂತ್ರದ ಸುರಂಗದ ತುಂಬ ಮೊಳಗಿತು.

ಸುರಂಗದೊಳಗೆ ಅವನೂ ನಕ್ಕ.

ಪರದೆಯ ಮೇಲೆ ಚಿತ್ರ ಬಂತು. ಕಲಕಿತ್ತು.

ಅಲುಗಿದ ಚಿತ್ರವನ್ನು ಮತ್ತೆ ತೆಗೆಯಬೇಕು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೂ ಗೊತ್ತಿರುವ ಸಂಗತಿ. ಮತ್ತೆ ತೆಗೆದರೆ ರಿಜಿಸ್ಟರಿನಲ್ಲಿ ಕಾರಣ ಬರೆಯಬೇಕು. ಏನಂತ ಬರೆಯುವುದು, ನಾನು ನಕ್ಕೆ ಅಂತಲೇ? ಅವಳು ಯೋಚಿಸುತ್ತಿರುವಾಗಲೇ ಬಾಗಿಲಲ್ಲಿ ರಸ್ತೆ ಅಪಘಾತದವನೊಬ್ಬನ ಸ್ಟ್ರೆಚರ್ ಬಂತು, ರಕ್ತ ನೆಲಕ್ಕೆ ತೊಟ್ಟಿಕ್ಕುತ್ತಿತ್ತು, ಅವನ ಕಡೆಯವರು ಕೂಗುತ್ತಿದ್ದರು.

'ಉಬ್ಬು ಕಾಣ್ತಿದೆಯಲ್ಲ... ಸಾಕು,' ಎಂದುಕೊಂಡಳು.

ಆ 'ಸಾಕು' ಎಂಬುದರ ತೂಕ ಮುಂದೆ ನೋಡುವಿರಂತೆ. ಬೆಟ್ಟಕ್ಕಿಂತ ಒಂದು ತೊಲ ಹೆಚ್ಚು.

ಅವನು ಎದ್ದು ಕೂತ. ಎಲ್ಲರಂತೆ "ಏನಿದೆ?" ಎಂದು ಕೇಳಲಿಲ್ಲ. ಏಳು ಗಡಿಯಾರ ಜೇಬಿಗಿಳಿಸುತ್ತಾ, ಗೋಡೆಯದ್ದನ್ನು ರಿಪೇರಿ ಮಾಡಿಕೊಡಲೇ ಎಂದು ಕೇಳಿದ. ಅವಳು ಹೂಂ ಅಂದುಬಿಟ್ಟಳು. ಯಾಕೆ ಅಂದಳೋ ಅವಳಿಗೇ ತಿಳಿಯಲಿಲ್ಲ.

* * *

ಅವನು ಗಡಿಯಾರ ರಿಪೇರಿಯವನು. ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಒಬ್ಬನೇ ಕೂರುವಷ್ಟು ಅಂಗಡಿ. ಎರಡನೆಯವರು ಬಂದರೆ ಒಬ್ಬರು ಉಸಿರು ಒಳಗೆಳೆದುಕೊಂಡೇ ನಿಲ್ಲಬೇಕು. ಹುಬ್ಬಿಗೂ ಕೆನ್ನೆಯ ಮೂಳೆಗೂ ನಡುವೆ ಪುಟ್ಟ ಭೂತಗನ್ನಡಿ ಸಿಕ್ಕಿಸಿಕೊಂಡು, ಸೊಳ್ಳೆಯ ಮೊಣಕಾಲಿನಷ್ಟು ಸಣ್ಣ ತಿರುಪನ್ನು ತಿರುಗಿಸುವುದು ಕೆಲಸ. ಆರು ತಿಂಗಳಿಂದ ಆ ಗಾಜು ಕಣ್ಣಿನಲ್ಲಿ ನಿಲ್ಲದೆ ಬೀಳತೊಡಗಿತ್ತು. ಯಾಕೆಂದು ಕೈಯಿಟ್ಟು ನೋಡಿದಾಗಲೇ ಉಬ್ಬು ಸಿಕ್ಕಿದ್ದು. ಹಾಗಾಗಿ ಆಸ್ಪತ್ರೆಯ ಚೀಟಿಯಲ್ಲಿ 'ಆರು ತಿಂಗಳಿಂದ ಬೆಳೆಯುತ್ತಿದೆ' ಎಂದು ಬರೆಸಿದ್ದ.

ಮೂರನೆಯ ದಿನ ವರದಿ ಬಂತು. ಬರೆದವರು ಸ್ಕ್ಯಾನ್ ವಿಭಾಗದ ದೊಡ್ಡ ಡಾಕ್ಟರು, ಮೂವತ್ತು ವರ್ಷ ಕತ್ತಲಲ್ಲಿ ಕೂತು ಮೂಳೆ ಓದಿದವರು. ಗಡ್ಡೆಯ ಅಂಚು ಸ್ಪಷ್ಟವಿಲ್ಲ, ಮೂಳೆಯ ಎಳೆಗಳು ಹೊರಕ್ಕೆ ಚಾಚಿದಂತಿವೆ, ಬೇಗ ಬೆಳೆದಿದೆ. ಕ್ಯಾನ್ಸರ್ ಇರಬಹುದು, ಬಯಾಪ್ಸಿ ಮಾಡಬೇಕು.

ಸರ್ಜನ್ ಎರಡು ವಾರದಾಚೆಯ ಶುಕ್ರವಾರ ಕೊಟ್ಟರು. ಅಂದು ಕೆನ್ನೆ ಕೊಯ್ದು ಮೂಳೆಯ ಚೂರು ತೆಗೆಯುವುದು. ಕ್ಯಾನ್ಸರ್ ಹೌದಾದರೆ ಆಮೇಲೆ ಕೆನ್ನೆಯ ಮೂಳೆ ಪೂರ್ತಿ, ಕಣ್ಣಿನ ಕೆಳಗೋಡೆ, ಬಹುಶಃ ಕಣ್ಣೂ.

ಅಷ್ಟು ದಿನ ರಕ್ತ ಪರೀಕ್ಷೆ, ಎದೆಯ ಎಕ್ಸರೇ ಎಂದು ಅವನು ಆಸ್ಪತ್ರೆಗೆ ಅಲೆದ. ಬಂದಾಗಲೆಲ್ಲ ಅವಳ ಬಾಗಿಲ ಹೊರಗಿನ ಬೆಂಚಿನಲ್ಲಿ ಕೂರುವನು. ಗೋಡೆಯ ಗಡಿಯಾರವನ್ನು ಬಿಚ್ಚಿ ಒಯ್ದಿದ್ದ. ಅದರ ಹಲ್ಲುಚಕ್ರವೊಂದು ಸವೆದಿದೆ ಎಂದು ದಿನಕ್ಕೊಂದು ಸುದ್ದಿ ತರುತ್ತಿದ್ದ. ಆ ಮುದಿ ಗಡಿಯಾರದ ಆರೋಗ್ಯದ ಬಗ್ಗೆ ಅವರಿಬ್ಬರೂ ಮಾತಾಡಿದಷ್ಟು ಜಗತ್ತಿನಲ್ಲಿ ಯಾರೂ ಯಾವ ರೋಗಿಯ ಬಗ್ಗೆಯೂ ಮಾತಾಡಿಲ್ಲ. ಊಟದ ಬಿಡುವಿನಲ್ಲಿ ಅವಳು ಡಬ್ಬಿ ತೆರೆಯುವುದನ್ನು ಮರೆಯತೊಡಗಿದಳು. ರಾತ್ರಿ ಮನೆಯಲ್ಲಿ ಅತ್ತಿಗೆ ಡಬ್ಬಿ ತೊಳೆಯಲು ತೆಗೆದು, ಯಾರಿಗೆ ಉಪವಾಸ ಎಂದು ಕೇಳಿದಾಗ ತಲೆ ತಗ್ಗಿಸಿದಳು.

ತಗ್ಗಿಸಿದ್ದು ನಾಚಿಕೆಗೆ ಎಂದು ಅತ್ತಿಗೆ ತಿಳಿದಳು. ಅಲ್ಲ. ಕಣ್ಣು ಮುಚ್ಚಿದರೆ ಆ ಕಲಕಿದ ಚಿತ್ರ ಬರುತ್ತಿತ್ತು.

ಎಂಟನೆಯ ದಿನ ಅವನು ಸ್ಕ್ಯಾನಿನ ಫಿಲ್ಮನ್ನೇ ತಂದ. ಕಿಟಕಿಯ ಬೆಳಕಿಗೆ ಹಿಡಿದು, ಗಾಜನ್ನು ಕೈಯಲ್ಲೇ ಹಿಡಿದು ನೋಡುತ್ತಾ ಹೇಳಿದ:

"ಇದರಲ್ಲಿ ನನ್ನ ಪ್ರತಿ ಹಲ್ಲಿಗೂ ಎರಡೆರಡು ಅಂಚಿದೆ ಮೇಡಂ. ಯಾಕೆ ಹಾಗೆ?"

ಹೇಳು, ಈಗಲೇ ಹೇಳು ಎಂದಿತು ಮನಸ್ಸು. ಬಾಯಿ ಮಾತ್ರ ತನ್ನ ಹಳೆಯ ಚಾಳಿಯನ್ನೇ ಹಿಡಿಯಿತು.

"ಡಾಕ್ಟರ್ ಹೇಳ್ತಾರೆ."

ಅವನು ಫಿಲ್ಮನ್ನು ಮೆಲ್ಲಗೆ ಲಕೋಟೆಗೆ ಹಾಕಿದ.

"ಆಯ್ತು ಬಿಡಿ. ಇನ್ನೊಂದು ಮಾತಿದೆ. ಮುಖ ಪೂರ್ತಿ ಇರೋವಾಗಲೇ ಕೇಳ್ಬಿಡೋಣ ಅಂತ..."

ಅವನೇನು ಕೇಳುವನೆಂದು ಅವಳಿಗೆ ಗೊತ್ತಿತ್ತು. ಆ ಮಾತಿಗಾಗಿ ಅವಳು ಹನ್ನೊಂದು ವರ್ಷವಲ್ಲ, ಹನ್ನೊಂದು ಜನ್ಮ ಕಾದಿದ್ದಳು. ಆದರೆ ಈ ಕೈಯಲ್ಲಿ? ಅವನ ಮುಖವನ್ನು ಕಲಕಿಟ್ಟು ಬಾಯಿ ಮುಚ್ಚಿಕೊಂಡಿರುವ ಈ ಕೈಯನ್ನು ಅವನಿಗೆ ಕೊಡುವುದು ಹೇಗೆ?

ಎದ್ದಳು. ಒಂದೂ ಮಾತಾಡದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಬೆಂಚಿನ ಮೇಲೆ ಅವನೊಬ್ಬನೇ ಉಳಿದ. ಅರ್ಧ ಮುಖ ಹೋಗಲಿರುವ ಗಂಡಸನ್ನು ಯಾರು ತಾನೇ ಇಷ್ಟಪಡುತ್ತಾರೆ? ಅವನಿಗೆ ಅರ್ಥವಾಗಿದ್ದು ಅಷ್ಟೇ. ಮರುದಿನ ರಿಪೇರಿಯಾದ ಗಡಿಯಾರ ಕಾವಲುಗಾರನ ಕೈಯಲ್ಲಿ ಬಂತು. ಅವನು ಬರಲಿಲ್ಲ.

* * *

ಗುರುವಾರ ಮಧ್ಯಾಹ್ನ ಅವನ ಅಕ್ಕ ಬಂದಳು. ಬಂದಳೆನ್ನುವುದಕ್ಕಿಂತ ನುಗ್ಗಿದಳು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಕಣ್ಣು ಕೆಂಡ.

ತನ್ನ ತಮ್ಮ ಗಿರಾಕಿಗಳ ಗಡಿಯಾರಗಳನ್ನೆಲ್ಲ ರಿಪೇರಿ ಮಾಡದೆ ಮನೆಮನೆಗೆ ಹೋಗಿ ವಾಪಸ್ ಕೊಟ್ಟು ಬರುತ್ತಿದ್ದಾನೆ, ಮೂರು ದಿನದಿಂದ ಸರಿಯಾಗಿ ಉಂಡಿಲ್ಲ, ಕನ್ನಡಿಗೆ ಬಟ್ಟೆ ಹೊದಿಸಿದ್ದಾನೆ ಎಂದು ಒಂದೇ ಉಸಿರಿನಲ್ಲಿ ಹೇಳಿ ಬೆಂಚಿನ ಮೇಲೆ ಕುಸಿದಳು.

"ನೋಡಮ್ಮ, ನೀನು ಅವನನ್ನ ಬೇಡ ಅಂದಿದ್ದಕ್ಕೆ ಜಗಳ ಆಡೋಕೆ ಬಂದಿಲ್ಲ. ನಾಳೆ ಕೊಯ್ತಾರೆ. ಹೋಗೋ ಮುಂಚೆ ಒಂದ್ಸಲ ಬಂದು ಮಾತಾಡಿಸು, ಅಷ್ಟೆ. ಸುಳ್ಳಾದ್ರೂ ಹೇಳು."

ಆಮೇಲೆ ತನ್ನಷ್ಟಕ್ಕೇ ಗೊಣಗಿದಳು:

"ಆರು ತಿಂಗಳಂತೆ, ಆರು ತಿಂಗಳು. ನನ್ನ ಮದುವೆ ಫೋಟೋದಲ್ಲೇ ಇದೆ ಅವನ ಕೆನ್ನೆ. ಬಾಯಲ್ಲಿ ಮಿಠಾಯಿ ಇಟ್ಕೊಂಡು ಫೋಟೋಗೆ ನಿಂತಿದೀಯ ಅಂತ ಅಮ್ಮ ಬೈದಿದ್ರು. ಒಂಬತ್ತು ವರ್ಷ ಆಯ್ತು."

ಚೀಲದಿಂದ ಫೋಟೋ ತೆಗೆದು ತೋರಿಸಿದಳು. ಬಲಗೆನ್ನೆಯಲ್ಲಿ, ನೋಡಿದವರಿಗೆ ಮಾತ್ರ ಕಾಣುವಷ್ಟು, ಒಂದು ಸಣ್ಣ ದಿಣ್ಣೆ.

"ಬಗ್ಗಿ ಕೆಲಸ ಮಾಡುವಾಗ ಅಲ್ಲಿ ಟಿಕ್ ಟಿಕ್ ಅಂತ ಬಡಿಯುತ್ತಂತೆ," ಎಂದಳು ಅಕ್ಕ. "ನನ್ನೊಳಗೂ ಒಂದು ಗಡಿಯಾರ ಇದೆ ಕಣಕ್ಕ ಅಂತ ತಮಾಷೆ ಮಾಡ್ತಿದ್ದ."

ಅವಳು ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದಳು.

ನಾಲ್ಕು ವರ್ಷದ ಹಿಂದೆ ಒಬ್ಬ ಹೆಂಗಸನ್ನು ಇದೇ ಕೋಣೆಗೆ ತಂದಿದ್ದರು. ದವಡೆಯಲ್ಲಿ ಹಳೆಯ ಉಬ್ಬು, ಅದರ ಮೇಲೆ ಅಲ್ಲಾಡುವ ಒಂದು ಹಲ್ಲು. ಯಾರೋ ಹಲ್ಲು ಕಿತ್ತಿದ್ದರು. ಮೂಳೆಯ ಒಳಗಿದ್ದದ್ದು ರಕ್ತನಾಳಗಳ ಗಂಟು, ಕೆಟ್ಟ ಗಡ್ಡೆಯಲ್ಲ. ಮುಟ್ಟದಿದ್ದರೆ ಅದರ ಪಾಡಿಗೆ ಅದು ಇರುತ್ತಿತ್ತು. ಹಲ್ಲಿನ ಗುಳಿಯಿಂದ ಬಂದ ರಕ್ತಕ್ಕೆ ಹದಿನಾಲ್ಕು ಟವೆಲ್ ಸಾಲಲಿಲ್ಲ. ಇಲ್ಲಿ ನಾನು ಒಂದನ್ನೂ ಹೆಚ್ಚಿಸಿ ಹೇಳುತ್ತಿಲ್ಲ; ಅವನ್ನು ಬಕೆಟ್ಟಿಗೆ ಹಾಕಿದವಳು ಇವಳೇ. ಚಿತ್ರ ಪೂರ್ತಿಯಾಗುವ ಹೊತ್ತಿಗೆ ಮೇಜಿನ ಮೇಲಿದ್ದವಳು ಹೋಗಿಬಿಟ್ಟಿದ್ದಳು. ಚಿತ್ರ ಮಾತ್ರ ಬಹಳ ಚೆನ್ನಾಗಿ ಬಂದಿತ್ತು. ಸತ್ತವರು ಅಲುಗುವುದಿಲ್ಲವಲ್ಲ. ಮೂಳೆಯೊಳಗೆ ಜೇನುಗೂಡಿನಂಥ ಸಣ್ಣ ಸಣ್ಣ ಕೋಣೆಗಳು, ಸುತ್ತ ಗೆರೆ ಕೊರೆದಂಥ ಅಂಚು...

ಒಂಬತ್ತು ವರ್ಷದ ಉಬ್ಬು. ನಾಡಿಯಂತೆ ಬಡಿಯುವ ಉಬ್ಬು. ಅಂಚು ಸ್ಪಷ್ಟವಿಲ್ಲದ್ದು ಗಡ್ಡೆಗಲ್ಲ, ಚಿತ್ರಕ್ಕೆ!

ನಾಳೆ ಬೆಳಿಗ್ಗೆ ಅಲ್ಲಿಗೇ ಚಾಕು ಇಳಿಯುತ್ತದೆ.

* * *

ದೊಡ್ಡ ಡಾಕ್ಟರ ಕತ್ತಲ ಕೋಣೆಗೆ ಅವಳು ರಿಜಿಸ್ಟರ್ ಹಿಡಿದೇ ಹೋದಳು. ಆ ದಿನದ ಪುಟ ತೆರೆದು ಮೇಜಿನ ಮೇಲಿಟ್ಟಳು. ಕಾರಣ ಬರೆಯುವ ಜಾಗ ಖಾಲಿ ಇತ್ತು.

"ಸಾರ್, ಆ ಕೆನ್ನೆಯ ಚಿತ್ರ ಅಲುಗಿದೆ. ಗೊತ್ತಿದ್ದೂ ಮತ್ತೆ ತೆಗೀಲಿಲ್ಲ ನಾನು."

"ಯಾಕೆ ಅಲುಗ್ತು?"

"ನಾನು ನಕ್ಕೆ ಸಾರ್. ಮೈಕ್ ಆನ್ ಇತ್ತು."

ಪರದೆಯ ನೀಲಿ ಬೆಳಕಿನಲ್ಲಿ ಮುದುಕರ ಮುಖ ಕಲ್ಲಿನಂತಿತ್ತು. ಅವಳು ಮುಂದಿಟ್ಟ ಅಕ್ಕನ ಮದುವೆಯ ಫೋಟೋ ನೋಡಿದರು, ಟಿಕ್ ಟಿಕ್ ಬಡಿತದ ಸುದ್ದಿ ಕೇಳಿದರು. ಹಳೆಯ ಚಿತ್ರ ತೆರೆದು, ಗಡ್ಡೆಯನ್ನು ಬಿಟ್ಟು ಮೊದಲ ಬಾರಿಗೆ ಹಲ್ಲುಗಳನ್ನು ನೋಡಿದರು. ಬಹಳ ಹೊತ್ತು ನೋಡಿದರು.

"ಹನ್ನೊಂದು ವರ್ಷದಿಂದ ನೀನೊಂದ್ಸಲ ನಗ್ಲಿ ಅಂತ ಕಾಯ್ತಿದ್ದೆ," ಎಂದರು ಕೊನೆಗೆ. "ನಗೋಕೆ ಈ ದಿನಾನೇ ಬೇಕಿತ್ತಾ ನಿಂಗೆ?"

ಅವಳು ಪೆನ್ನು ತೆಗೆದು ಕಾರಣದ ಜಾಗದಲ್ಲಿ ಬರೆಯತೊಡಗಿದಳು.

"ಅಲುಗಿದ್ದನ್ನ ಗಮನಿಸದೆ ವರದಿ ಬರೆದ ಕೈ ನಂದು. ಅದನ್ನೂ ಬರಿ ಅಲ್ಲಿ. ಇನ್ನು ಇಲ್ಲಿ ನಿನ್ನ ಇಟ್ಕೊಳ್ಳೋಕಾಗಲ್ಲ, ವಿಚಾರಣೆ ಆಗುತ್ತೆ. ಅದು ನಾಳೆ ಮಾತು. ಇವತ್ತು ಅವನನ್ನ ಕರ್ಕೊಂಡು ಬಾ. ಹೋಗು."

ಸರ್ಜನ್ನಿಗೆ ಫೋನ್ ಮಾಡುತ್ತಿದ್ದ ಅವರ ದನಿ ಕಾರಿಡಾರಿನ ತುದಿಯವರೆಗೂ ಕೇಳುತ್ತಿತ್ತು. ಗಡಿಯಾರದವನ ಫೋನ್ ಆಫ್. ಅವಳು ಏಪ್ರನ್ನಿನಲ್ಲೇ ಓಡಿದಳು. ಗಾಳಿಗೂ ಅವಳನ್ನು ಹಿಡಿಯಲಾಗಲಿಲ್ಲ ಎನ್ನಬಹುದಿತ್ತು, ಆದರೆ ಎರಡು ಸಲ ಎಡವಿ ಬಿದ್ದಳು.

ಅಂಗಡಿಯಲ್ಲಿ ಅವನಿದ್ದ. ಗೋಡೆಯ ತುಂಬ ಖಾಲಿ ಮೊಳೆಗಳು. ಉಳಿದ ನಾಲ್ಕೈದು ಗಡಿಯಾರಗಳಿಗೂ ಕೀಲಿ ಕೊಟ್ಟಿರಲಿಲ್ಲ. ಸದ್ದೇ ಇಲ್ಲದ ಗಡಿಯಾರದಂಗಡಿ ಹೆಣ ಎತ್ತಿದ ಮನೆಯಂತಿತ್ತು.

"ಚಿತ್ರ ಅಲುಗಿದೆ," ಎಂದಳು ಅವಳು ಬಾಗಿಲಲ್ಲೇ, ಏದುಸಿರು ಬಿಡುತ್ತಾ. "ಹಲ್ಲಿಗೆ ಎರಡು ಅಂಚು ಬಂದಿದ್ದು ಅದಕ್ಕೇ. ಅಲುಗಿಸಿದ್ದು ನನ್ನ ನಗು, ಮುಚ್ಚಿಟ್ಟಿದ್ದೂ ನಾನೇ. ನಿಮಗೆ ಕ್ಯಾನ್ಸರ್ ಇಲ್ಲದೆಯೂ ಇರಬಹುದು. ನಾಳೆ ಕೊಯ್ದರೆ ಮಾತ್ರ ಸಾಯಬಹುದು. ಈಗಲೇ ಬನ್ನಿ... ದಯವಿಟ್ಟು."

ಅವನು ಕೂತಲ್ಲೇ ಕೂತಿದ್ದ.

"ಆ ದಿನ ಎದ್ದು ಹೋಗಿದ್ದು?"

"ನಿಮ್ಮ ಮುಖ ನೋಡೋ ಯೋಗ್ಯತೆ ನನಗಿರಲಿಲ್ಲ."

"ಹನ್ನೆರಡು ದಿನ," ಎಂದ ಅವನು. ದನಿ ಏರಲಿಲ್ಲ. ಏರಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. "ವರದಿ ಬಂದಾಗಿನಿಂದ ಹನ್ನೆರಡು ದಿನ ನಾನು ಸತ್ತಿದ್ದೆ ಮೇಡಂ. ಅಕ್ಕನಿಗೆ ಅಂಗಡಿಯ ಇನ್ನೊಂದು ಬೀಗದ ಕೈ ಕೊಟ್ಟೆ. ಹಾರ ಹಾಕೋ ಫೋಟೋಗೆ ಯಾವ ಮುಖ ಇಡಬೇಕು ಅಂತ ಯೋಚನೆ ಮಾಡ್ತಿದ್ದೆ."

ಅವನು ಎದ್ದು ಅಂಗಡಿಯ ಬಾಗಿಲೆಳೆದ. ದಾರಿಯುದ್ದಕ್ಕೂ ಅವಳಿಗಿಂತ ಹತ್ತು ಹೆಜ್ಜೆ ಮುಂದೆ ನಡೆದ. ಒಮ್ಮೆಯೂ ತಿರುಗಿ ನೋಡಲಿಲ್ಲ.

* * *

ಮತ್ತದೇ ಚಳಿ, ಅದೇ ಮೇಜು. ಹಣೆಯ ಪಟ್ಟಿ ಬಿಗಿಯುವಾಗ ಅವನು ಕಣ್ಣು ಮುಚ್ಚಿಕೊಂಡ.

"ಉಗುಳು ನುಂಗ್ಬೇಡಿ. ಅಲುಗಾಡ್ಬೇಡಿ." ಅವಳ ದನಿ ಒಡೆಯಿತು. ಯಂತ್ರ ಹೊರಡಿಸಿ, ಮೈಕಿನ ಗುಂಡಿಯಿಂದ ಬೆರಳು ತೆಗೆದು, ಎರಡೂ ಕೈಯನ್ನು ಹಿಂದೆ ಕಟ್ಟಿಕೊಂಡಳು.

ಅವನು ಅಲುಗಲಿಲ್ಲ. ಬೆಟ್ಟ ಅಲುಗಿತು ಎಂದರೂ ನಂಬಿ, ಆ ಮೂವತ್ತು ಸೆಕೆಂಡು ಅವನು ಅಲುಗಿದ ಎಂದರೆ ನಂಬಬೇಡಿ.

ಚಿತ್ರ ಬಂತು. ಕೂದಲೆಳೆಯಷ್ಟು ತೆಳ್ಳಗೆ ಸೀಳಿದ ಚಿತ್ರ, ಮೂಳೆ ಮಾತ್ರ ಎದ್ದು ಕಾಣುವಂತೆ. ಮುಂದಿನಿಂದ, ಪಕ್ಕದಿಂದ, ಮೇಲಿನಿಂದ. ದೊಡ್ಡ ಡಾಕ್ಟರು ಅವಳ ಭುಜದ ಹಿಂದೆ ನಿಂತಿದ್ದರು. ಗಡ್ಡೆಯ ಸುತ್ತ ಗೆರೆ ಕೊರೆದಂಥ ಅಂಚು. ಒಳಗೆ ಜೇನುಗೂಡು. ನಡುವಿನಿಂದ ಸುತ್ತಲಿಗೆ, ಗಾಡಿಯ ಚಕ್ರಕ್ಕೆ ಕಡ್ಡಿಗಳನ್ನು ಕೂರಿಸಿದಂತೆ, ಮೂಳೆಯ ಎಳೆಗಳು.

ಎಂ.ಆರ್.ಐ. ಕೂಡ ಆಗಬೇಕೆಂದು ಅವರು ಅವತ್ತೇ ಮಾಡಿಸಿದರು. ಅದರಲ್ಲಿ ಗಡ್ಡೆ ದೀಪದಂತೆ ಬೆಳ್ಳಗೆ ಹೊಳೆಯಿತು. ಬಣ್ಣದ ಔಷಧಿ ಬಿಟ್ಟಾಗ ಮೆಲ್ಲಮೆಲ್ಲಗೆ ತುಂಬಿಕೊಂಡಿತು. ಸಂಜೆಗೆ ಅಕ್ಕತಮ್ಮಂದಿರನ್ನು ಕೂರಿಸಿಕೊಂಡು ಡಾಕ್ಟರೇ ಹೇಳಿದರು: ಕಂಡಮಟ್ಟಿಗೆ ಇದು ಕ್ಯಾನ್ಸರ್ ಅಲ್ಲ. ಮೂಳೆಯೊಳಗಿನ ರಕ್ತನಾಳಗಳ ಗಂಟು. ನಾಳೆ ಸಿದ್ಧತೆಯಿಲ್ಲದೆ ಚಾಕು ಹಾಕಿದ್ದರೆ ರಕ್ತ ನಿಲ್ಲಿಸಲು ಕಷ್ಟವಾಗುತ್ತಿತ್ತು. ಕಣ್ಣನ್ನು ಒತ್ತುತ್ತಿರುವುದರಿಂದ ತೆಗೆಯಲೇಬೇಕು. ಆದರೆ ಮೊದಲು ಅದಕ್ಕೆ ರಕ್ತ ಒಯ್ಯುವ ನಾಳ ಮುಚ್ಚಿ, ಆಮೇಲೆ ಸುತ್ತಲಿನ ಮೂಳೆಯ ಸಮೇತ ಇಡಿಯಾಗಿ. ಕಣ್ಣು ಉಳಿಯುತ್ತದೆ. ಕೆನ್ನೆ ಮೊದಲಿನಂತಿರುವುದಿಲ್ಲ.

ಅಕ್ಕ ಅತ್ತ ಅಳುವಿಗೆ ಆ ಬೀದಿಯ ಚರಂಡಿಗಳೆಲ್ಲ ಹರಿದವು. ತಮ್ಮ ಮಾತ್ರ ಒಣಗಣ್ಣಿನಲ್ಲಿ ಬಾಗಿಲತ್ತ ನೋಡಿದ. ಅಲ್ಲಿ ಯಾರೂ ಇರಲಿಲ್ಲ. ಅವಳು ಕೋಣೆಯ ಬೀಗದ ಕೈಯನ್ನು ಕಚೇರಿಗೆ ಒಪ್ಪಿಸಿ ಹೋಗಿಯಾಗಿತ್ತು.

* * *

ವಿಚಾರಣೆ ನಡೆದು, ಅವಳನ್ನು ನೆಲಮಾಳಿಗೆಯ ಎಕ್ಸರೇ ಕೋಣೆಗೆ ಹಾಕಿದರು. ಕಿಟಕಿಯಿಲ್ಲ, ಗಡಿಯಾರವೂ ಇಲ್ಲ. ದಿನವಿಡೀ ಕೆಮ್ಮುವವರ ಎದೆ. ಆಪರೇಷನ್ ಆಯಿತೆಂದು ಆಯಾಗಳಿಂದ ಕೇಳಿದಳು. ನಾಲ್ಕು ಬಾಟಲಿ ರಕ್ತ ಸಿದ್ಧವಿಟ್ಟಿದ್ದರಂತೆ, ಒಂದೇ ಸಾಕಾಯಿತಂತೆ. ತೆಗೆದ ಮೂಳೆಯನ್ನು ಪರೀಕ್ಷೆಗೆ ಕಳಿಸಿ, ಕ್ಯಾನ್ಸರ್ ಅಲ್ಲವೆಂದು ಖಚಿತವಾಯಿತಂತೆ. ಅವಳು ವಾರ್ಡಿಗೆ ಹೋಗಲಿಲ್ಲ. ಮೆಟ್ಟಿಲವರೆಗೆ ಹೋಗಿ ಮೂರು ಸಲ ಹಿಂದಕ್ಕೆ ಬಂದಳು.

ಎರಡು ತಿಂಗಳ ಮೇಲೆ ಒಂದು ದಿನ, ಕೊನೆಯ ರೋಗಿ ಹೋದ ನಂತರ, ಬಾಗಿಲಲ್ಲಿ ಅವನು ನಿಂತಿದ್ದ.

ಬಲಗೆನ್ನೆ ಒಳಗೆ ಹೋಗಿತ್ತು. ಕಣ್ಣಿನ ಕೆಳಗೆ ಕೆಂಪು ಗೆರೆ. ಆ ಬದಿಯ ತುಟಿ ಇನ್ನೂ ನಿದ್ದೆಯಲ್ಲಿತ್ತು. ಕಂಕುಳಲ್ಲಿ ಒಂದು ಗೋಡೆ ಗಡಿಯಾರ.

ಕುರ್ಚಿಯ ಮೇಲೆ ಹತ್ತಿ, ಮೊಳೆ ಹೊಡೆದು, ಗಡಿಯಾರ ನೇತುಹಾಕಿದ. ಇಳಿದು ಕೈ ಒರೆಸಿಕೊಂಡ.

"ಈಗ ಗಾಜು ಎಡಗಣ್ಣಿಗೆ ಹಾಕ್ಕೋತೀನಿ," ಎಂದ. ಮಾತು ಒಂದು ಬದಿಯಿಂದ ಬರುತ್ತಿತ್ತು. "ಮೊದಮೊದಲು ಎಲ್ಲ ತಿರುಪೂ ಉಲ್ಟಾ ಹೋಗೋದು. ಈಗ ಪರವಾಗಿಲ್ಲ."

"ನಿಮ್ಮ ಆ ಹನ್ನೆರಡು ದಿನ ನನ್ನಿಂದ ವಾಪಸ್ ಕೊಡೋಕಾಗಲ್ಲ," ಎಂದಳು ಅವಳು. ಎರಡು ತಿಂಗಳಿಂದ ಬಾಯಿಪಾಠ ಮಾಡಿದ್ದ ನೂರು ಮಾತಿನಲ್ಲಿ ಉಳಿದಿದ್ದು ಅದೊಂದೇ.

ಅವನು ಹೊಸ ಗಡಿಯಾರದ ಕಡೆ ನೋಡಿದ.

"ಹೋದ ಹೊತ್ತು ವಾಪಸ್ ಕೊಡ್ತೀನಿ ಅಂತ ನಾನು ಯಾವ ಗಿರಾಕಿಗೂ ಹೇಳಿಲ್ಲ. ಇನ್ನು ಮುಂದೆ ಸರಿಯಾಗಿ ಓಡುತ್ತೆ ಅಂತೀನಿ, ಅಷ್ಟೆ." ಮತ್ತೆ ಹೇಳಿದ, "ಸಿಟ್ಟು ಪೂರ್ತಿ ಹೋಗಿಲ್ಲ. ಸುಳ್ಳು ಹೇಳಲ್ಲ. ಆದ್ರೆ ಆ ಸುರಂಗದಲ್ಲಿ ಕೇಳಿದ ನಗು ಇದೆಯಲ್ಲ... ಆಪರೇಷನ್ ದಿನ ಕಣ್ಣು ಮುಚ್ಚೋ ಮುಂಚೆ ನೆನಪಾಗಿದ್ದು ಅದೇ."

ಅವಳ ಕಣ್ಣು ತುಂಬಿತು.

"ಬೆಂಚಿನ ಮೇಲೆ ಕೇಳೋಕೆ ಹೊರಟಿದ್ದನ್ನ ಈಗ ಕೇಳ್ತೀನಿ. ಮುಖ ಅರ್ಧ ಇದೆ. ನನ್ನ ಮದುವೆ ಆಗ್ತೀರಾ?"

ಹನ್ನೊಂದು ವರ್ಷದ ಚಾಳಿ ನೋಡಿ! ಉಕ್ಕಿ ಬಂದ ಅಳುವಿನ ನಡುವೆ ಅವಳ ಬಾಯಿಗೆ ತಾನಾಗಿಯೇ ಬಂದದ್ದು:

"ಡಾಕ್ಟರ್ ಹೇಳ್ತಾರೆ."

ಆಮೇಲೆ ಅವನ ಮುಖದ ಎಚ್ಚರವಿದ್ದ ಅರ್ಧ ನಗತೊಡಗಿತು. ಅವಳೂ ನಕ್ಕಳು. ಅಳುತ್ತಲೇ ನಕ್ಕಳು. ಕೋಣೆಯಲ್ಲಿ ಯಂತ್ರ ಆಫ್ ಆಗಿತ್ತು. ಅಲುಗಿದರೂ ಕೆಡುವ ಚಿತ್ರ ಯಾವುದೂ ಇರಲಿಲ್ಲ.

ಅವಳು ಹತ್ತಿರ ಬಂದು, ಒಳಹೋದ ಆ ಕೆನ್ನೆಯ ಮೇಲೆ ಅಂಗೈ ಇಟ್ಟಳು.

"ಇಲ್ಲಿ ಮುಟ್ಟಿದ್ದು ಗೊತ್ತಾಗಲ್ಲ ನನಗೆ," ಎಂದ ಅವನು ಮೆಲ್ಲಗೆ. "ಹೇಳಿದ್ರೇ ಗೊತ್ತಾಗೋದು."

"ಹಾಗಾದ್ರೆ ನಾನೇ ಹೇಳ್ತೀನಿ," ಎಂದಳು ಅವಳು. "ಆಗ್ತೀನಿ."